ಹಿಮ್ಮಡಿ ಕೂತ ಬೂಟು

ಬಸ್ ಡಿಪೋದಲ್ಲಿ ಅವಳಿಗೆ ಬಾತು ಎಂದೇ ಹೆಸರು. ಹೊಸದಾಗಿ ಸೇರಿದವರು ಹಾಗೆ ಕರೆಯಲು ಸಂಕೋಚಪಟ್ಟರೆ, "ಪರವಾಗಿಲ್ಲ, ಕರೀರಿ. ಈ ಹೆಸರನ್ನ ಮನೆಯಿಂದ ನಾನೇ ತಂದಿದ್ದು" ಎಂದು ಅವಳೇ ಧೈರ್ಯ ಹೇಳುತ್ತಿದ್ದಳು.

ಹೆಸರಿಟ್ಟವಳು ಅವಳ ಅಕ್ಕ. ಊರಿನಲ್ಲಿ ಒಂದು ಸ್ಕೇಟಿಂಗ್ ರಿಂಕ್ ಇತ್ತು. ದೊಡ್ಡ ತಗಡಿನ ಚಾವಣಿಯ ಕೆಳಗೆ ಮಂಜುಗಡ್ಡೆ ಹಾಸಿದ ಅಂಗಳ. ಅಕ್ಕ ಅಲ್ಲಿ ಎರಡು ವರ್ಷ ಕಲಿತು, ಬೇಸರ ಬಂದು ಬಿಟ್ಟಳು. ಅವಳ ಬಿಳಿ ಬೂಟು ತಂಗಿಯ ಪಾಲಿಗೆ ಬಂತು. ಬೂಟಿನ ಮುಂದೆ ಹತ್ತಿ ತುರುಕಿ, ಎರಡು ಜೊತೆ ಕಾಲುಚೀಲ ಹಾಕಿಸಿ, ಅಮ್ಮ ಲೇಸನ್ನು ಮೂಟೆ ಕಟ್ಟುವ ಹಾಗೆ ಬಿಗಿದು ಕಳಿಸುತ್ತಿದ್ದಳು. ಮಂಜಿನ ಮೇಲೆ ನಿಂತರೆ ಹುಡುಗಿಯ ಎರಡೂ ಪಾದ ಒಳಕ್ಕೆ ವಾಲುತ್ತಿದ್ದವು. ಮೊಣಕಾಲು ತಾಗಿಸಿಕೊಂಡು, ಹಿಂಭಾಗ ಆಡಿಸಿಕೊಂಡು ಅವಳು ಹೋಗುವುದನ್ನು ನೋಡಿ ಅಕ್ಕ ಕಟಕಟೆಯ ಆಚೆಯಿಂದ "ಬಾತು, ಬಾತು" ಎಂದು ಕೂಗಿದಳು. ಹೆಸರು ಅಂಟಿಕೊಂಡಿತು.

ಆಗಿನ ಟೀಚರು ಅಮ್ಮನನ್ನು ಕರೆದು, "ನಿಮ್ಮ ಮಗಳ ಕಾಲಿನ ಗಿಣ್ಣಿಗೆ ಶಕ್ತಿ ಇಲ್ಲ" ಎಂದರು. ವರ್ಷದ ಕೊನೆಯ ಪ್ರದರ್ಶನದಲ್ಲಿ ಮಕ್ಕಳೆಲ್ಲ ಕೈ ಕೈ ಹಿಡಿದು ಸಾಲಾಗಿ ಬರಬೇಕಾಗಿತ್ತು. ಬಾತು ನಡುವೆ ಇದ್ದಳು. ಅವಳ ಪಾದ ಹೊರಳಿತು, ಅವಳು ಬಿದ್ದಳು, ಅವಳ ಹಿಂದೆ ಇಡೀ ಸಾಲು ಹಗ್ಗ ಕಡಿದ ಒಣಬಟ್ಟೆಯ ಹಾಗೆ ನೆಲಕ್ಕೆ ಬಂತು. ನೋಡುವವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರನೆಯ ವಾರದಿಂದ ಅವಳು ರಿಂಕಿನ ಕಡೆ ತಲೆ ಹಾಕಲಿಲ್ಲ.

ಅದನ್ನು ಅವಳು ದೊಡ್ಡ ದುಃಖವೆಂದು ಯಾರ ಹತ್ತಿರವೂ ಹೇಳಿಕೊಂಡವಳಲ್ಲ. ಕೆಲವರಿಗೆ ಕಣ್ಣು ಮಂದ ಇರುತ್ತದೆ, ಕೆಲವರಿಗೆ ಹಾಡಲು ಬರುವುದಿಲ್ಲ. ತನಗೆ ಕಾಲಿಲ್ಲ, ಅಷ್ಟೇ. ಶಾಲೆಯಲ್ಲಿ ಓಟದ ಪಂದ್ಯವಿದ್ದ ದಿನ ಅವಳು ಅಂಕ ಬರೆಯುವವರ ಪಕ್ಕ ಕುರ್ಚಿ ಹಿಡಿಯುತ್ತಿದ್ದಳು. ಕೆಲಸ ಹುಡುಕುವಾಗಲೂ ಕೂತು ಮಾಡುವ ಕೆಲಸವೇ ಬೇಕೆಂದು ಹುಡುಕಿ, ಕೊನೆಗೆ ಬಸ್ಸಿನ ಚಾಲಕಿಯಾದಳು. ತುಂಬಿದ ಬಸ್ಸನ್ನು ಇಳಿಜಾರಿನಲ್ಲಿ ಅವಳು ನಿಲ್ಲಿಸಿದರೆ ನಿಂತ ಅಜ್ಜಿಯ ಕೈಯ ಚೀಲವೂ ಅಲುಗಾಡುತ್ತಿರಲಿಲ್ಲ. "ನಿಮ್ಮ ಕಾಲು ಬಂಗಾರ ಕಣಮ್ಮ" ಎಂದು ಡಿಪೋದ ಮೇಸ್ತ್ರಿ ಹೇಳಿದಾಗ, "ಬ್ರೇಕಿಗೆ ಸರಿ, ನಿಲ್ಲೋದಕ್ಕಲ್ಲ" ಎಂದು ಅವಳು ನಕ್ಕು ಹೋಗಿದ್ದಳು.

ಮದುವೆಯಾಯಿತು. ಗಂಡ ಬೇಕರಿಯಲ್ಲಿ ಕೆಲಸಕ್ಕಿದ್ದವನು, ಮಾತು ಕಡಿಮೆ. ಒಬ್ಬಳೇ ಮಗಳು. ಆ ಮಗಳಿಗೆ ಎಂಟು ತುಂಬಿದ ಮೇಲೆ ಗೆಳತಿಯ ಹುಟ್ಟುಹಬ್ಬಕ್ಕೆಂದು ರಿಂಕಿಗೆ ಹೋದವಳು ಮನೆಗೆ ಬಂದು, "ಅಮ್ಮಾ, ನಾನು ಇನ್ನು ಮೇಲೆ ಅಲ್ಲೇ ಇರ್ತೀನಿ" ಎಂದುಬಿಟ್ಟಳು. ಬೇಡ ಎನ್ನಬೇಕೆನಿಸಿದರೂ ಬಾತು ಮಾರನೆಯ ದಿನ ಹೋಗಿ ಮಗಳ ಹೆಸರು ಬರೆಸಿ ಬಂದಳು.

ಬೂಟು ಅವಳೇ ಆರಿಸಿ ತಂದಳು. ಬೆಳೆಯುವ ಮಗು, ನಾಳೆಗೆ ಚಿಕ್ಕದಾಗುವುದು ಬೇಡ ಎಂದು ಎರಡು ಅಳತೆ ದೊಡ್ಡದು. ಕಾಲು ಬೆಳೆದು ಬೂಟು ಬದಲಿಸಿದಾಗಲೂ ಮತ್ತೆ ಎರಡು ಅಳತೆ ದೊಡ್ಡದೇ. ಮಕ್ಕಳ ಕೋಟು, ಚಪ್ಪಲಿ, ಶಾಲೆಯ ಅಂಗಿ ಎಲ್ಲವನ್ನೂ ಹಾಗೆಯೇ ತರುತ್ತಿದ್ದರು. ಇದನ್ನು ಬೇರೆ ರೀತಿ ತರಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಮಗಳು ಹುಟ್ಟಾ ಹಟಮಾರಿ. ಬಿದ್ದಳು, ಎದ್ದಳು, ಕಲಿತಳು. ಹನ್ನೊಂದರ ಹೊತ್ತಿಗೆ ಅವಳು ಹಿಂದಕ್ಕೆ ಜಾರುತ್ತಾ ತಿರುಗುವುದನ್ನು ನೋಡಲು ಬೇರೆ ಮಕ್ಕಳ ತಾಯಂದಿರೂ ಮಾತು ನಿಲ್ಲಿಸುತ್ತಿದ್ದರು. ತೊಡಕು ಶುರುವಾದದ್ದು ನೆಗೆತದಲ್ಲಿ. ಮೇಲಕ್ಕೆ ಚಿಮ್ಮಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಬಲಗಾಲೊಂದರ ಮೇಲೆ ಹಿಂದಕ್ಕೆ ಜಾರುತ್ತಾ ಇಳಿಯಬೇಕು. ಚಿಮ್ಮುವುದು ಚೆನ್ನಾಗಿಯೇ ಇತ್ತು. ಇಳಿದ ಕೂಡಲೇ ಬಲಗಾಲಿನ ಪಾದ ಒಳಕ್ಕೆ ವಾಲುತ್ತಿತ್ತು. ಬಾತು ಕಟಕಟೆಗೆ ಆನಿಕೊಂಡು ಆ ವಾಲುವಿಕೆಯನ್ನು ನೋಡಿದಾಗ ಕನ್ನಡಿಯಲ್ಲಿ ತನ್ನನ್ನೇ ಕಂಡ ಹಾಗಾಯಿತು.

ಅವಳು ಲೇಸು ಇನ್ನೂ ಬಿಗಿಯಾಗಿ ಕಟ್ಟಿದಳು. ಮಗಳ ಬೆರಳು ಜುಮುಗುಟ್ಟಿದವು. ಕಾಲುಚೀಲ ಇನ್ನೊಂದು ಹಾಕಿಸಿದಳು. ಹಿಮ್ಮಡಿಯ ಮೇಲೆ ಗುಳ್ಳೆ ಎದ್ದು ಒಡೆಯಿತು. ಬೂಟಿನ ಪಕ್ಕದ ತೊಗಲಿನಲ್ಲಿ ಗಿಣ್ಣಿನ ಹತ್ತಿರ ಆಳವಾದ ಮಡಿಕೆ ಬಿತ್ತು. ನೆಗೆತದ ಪರೀಕ್ಷೆ ಹತ್ತಿರ ಬರುತ್ತಿತ್ತು. ಅದನ್ನು ದಾಟಿದರೆ ಮಾತ್ರ ಮೇಲಿನ ತರಗತಿ.

ಒಂದು ಸಂಜೆ ಅಡುಗೆಮನೆಯಲ್ಲಿ ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಕೂತ ಮಗಳು ತಲೆ ಎತ್ತದೆ ಕೇಳಿದಳು:

"ಅಮ್ಮಾ, ದೊಡ್ಡಮ್ಮ ಫೋನಲ್ಲಿ ಹೇಳಿದ್ದು ನಿಜಾನಾ? ನಂಗೂ ನಿನ್ನ ಕಾಲೇ ಬಂದಿದ್ಯಂತೆ."

ಬಾತುವಿನ ಕೈಯಲ್ಲಿದ್ದ ಟವೆಲು ಹಾಗೇ ನಿಂತಿತು. ತನ್ನ ಮೂಗು ಮಗಳಿಗೆ ಬಂದಾಗ ಹೆಮ್ಮೆಪಟ್ಟಿದ್ದಳು, ತನ್ನ ಗುಂಗುರು ಕೂದಲು ಬಂದಾಗ ಬಾಚಲು ಕಷ್ಟವೆಂದು ಗೊಣಗಿದ್ದಳು. ಇದು ಮಾತ್ರ ಬರಬಾರದಿತ್ತು.

"ದೊಡ್ಡಮ್ಮಂಗೆ ಬಾಯಿಗೆ ಬೀಗ ಇಲ್ಲ. ನೀನು ಬೇಕಾದ್ರೆ ಬಿಟ್ಬಿಡು ಪುಟ್ಟಿ. ಇದೊಂದೇನಾ ಇರೋದು ಜಗತ್ತಲ್ಲಿ?"

"ಬೇಕಾದ್ರೆ ಅಂದ್ರೆ ಏನು? ನಂಗೆ ಬೇಡ ಅಂತ ನಾನು ಯಾವಾಗ ಹೇಳ್ದೆ?" ಎಂದಳು ಮಗಳು. ಊಟಕ್ಕೂ ಸಪ್ಪಗೆ ಕೂತಿದ್ದಳು.

ಅಪರೂಪಕ್ಕೆ ಬಾಯಿ ಬಿಡುವ ಗಂಡ, "ಒಂದ್ಸಲ ಡಾಕ್ಟರಿಗೆ ತೋರ್ಸು. ನಾವೇ ಕೂತು ತೀರ್ಪು ಕೊಡೋದ್ಯಾಕೆ?" ಎಂದ.

ಮೂಳೆ ಡಾಕ್ಟರು ಪಾದವನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ, ಬೆರಳ ಮೇಲೆ ನಿಲ್ಲಿಸಿ, ಒಂಟಿಕಾಲಲ್ಲಿ ಕುಂಟಿಸಿ, ಎಕ್ಸ್‌ರೇ ತೆಗೆಸಿ ನೋಡಿದರು. "ಕಾಲಲ್ಲಿ ನಂಗೇನೂ ಕಾಣ್ತಿಲ್ಲ. ಗಾಯ ಇರೋದು ಬೂಟು ಉಜ್ಜಿದ ಕಡೆ ಮಾತ್ರ. ಬೂಟು ಗೊತ್ತಿರೋರಿಗೆ ಬೂಟು ತೋರ್ಸಿ" ಎಂದರು. ಅಂಥವರು ಯಾರೆಂದು ಕೇಳಿದಾಗ ರಿಂಕಿನ ಟೀಚರು ಒಂದೇ ಹೆಸರು ಹೇಳಿದರು: ಗೋಲಿ.

ಗೋಲಿಯ ಅಂಗಡಿ ಸೈಕಲ್ ರಿಪೇರಿಯವರ ಓಣಿಯ ತುದಿಯಲ್ಲಿತ್ತು. ಒಳಗೆ ತೊಗಲು, ಅಂಟು, ಸಾಣೆ ಹಿಡಿದ ಕಬ್ಬಿಣ, ಮೂರರ ವಾಸನೆಯೂ ಬೆರೆತಿತ್ತು. ಗೋಲಿ ಅಂದರೆ ಮೂವತ್ತೈದರ ಆಸುಪಾಸಿನ, ಅಗಲ ಭುಜದ ಹೆಂಗಸು. ಹಿಂದೆ ಐಸ್ ಹಾಕಿ ತಂಡದಲ್ಲಿ ಗೋಲು ಕಾಯುತ್ತಿದ್ದಳಂತೆ, ಹೆಸರು ಅಲ್ಲಿಂದಲೇ ಬಂದದ್ದು. ಮೊಣಕಾಲು ಕೈಕೊಟ್ಟ ಮೇಲೆ ಬೂಟು, ಬ್ಲೇಡಿನ ಕೆಲಸಕ್ಕೆ ಇಳಿದಿದ್ದಳು. ಬಾಯಿ ಒಂದು ಕ್ಷಣ ಸುಮ್ಮನಿರದು.

"ಬಾ ಪುಟ್ಟಾ, ಕೂತ್ಕೋ. ಅಕ್ಕಾ, ನೀವೂ ಕೂತ್ಕೊಳ್ಳಿ, ಆ ಸ್ಟೂಲ್ ಬೇಡ, ಅದು ಬೀಳ್ಸುತ್ತೆ. ಯಾವ ಕಾಲು? ಬಲಗಾಲಾ? ಎರಡೂ ತೋರ್ಸು, ಇನ್ನೊಂದು ಬೇಜಾರು ಮಾಡ್ಕೊಳ್ಳುತ್ತೆ."

ಒಂದರ ಮೇಲೊಂದು ಕಾಲುಚೀಲ ಬಿಚ್ಚುತ್ತಾ ಹೋದ ಹಾಗೆ ಗೋಲಿಯ ಹುಬ್ಬು ಮೇಲೇರಿತು. "ಇದೇನು ಈರುಳ್ಳಿನಾ?" ಎಂದಳು. ಮಗಳು ಮೊದಲ ಬಾರಿ ನಕ್ಕಳು.

ಕಾಗದ ಹಾಸಿ, ಮಗಳನ್ನು ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಳು. ಉದ್ದ ಅಳೆದಳು, ಬೆರಳ ಬುಡದ ಅಗಲ ಅಳೆದಳು, ಹಿಮ್ಮಡಿಯ ಅಗಲ ಅಳೆದಳು. ಆಮೇಲೆ ತೆಳುವಾದ ಒಂದೇ ಕಾಲುಚೀಲ ಹಾಕಿಸಿ, ಹಳೆಯ ಬೂಟಿನೊಳಗೆ ಪಾದವನ್ನು ಮುಂದಕ್ಕೆ ತಳ್ಳಿಸಿ, ಹಿಂದೆ ತನ್ನ ಬೆರಳು ಇಳಿಸಿದಳು. ಒಂದು ಬೆರಳು ಹೋಯಿತು. ಎರಡು ಹೋಯಿತು. ಮೂರನೆಯದೂ ಸಲೀಸಾಗಿ ಹೋಯಿತು.

"ಅಕ್ಕಾ, ಇದ್ರಲ್ಲಿ ಇನ್ನೊಂದು ಮಗೂನ ಬಾಡಿಗೆಗೆ ಇಡಬಹುದು."

ಬಾತು ನಾಲಗೆ ಕಚ್ಚಿಕೊಂಡಳು. "ಬೆಳೆಯೋ ಮಗು ಅಂತ…"

"ಎಲ್ಲಾ ಅಮ್ಮಂದ್ರೂ ಹಾಗೇ ತರೋದು. ನಮ್ಮಮ್ಮ ನಂಗೆ ತಂದಿದ್ದ ಬೂಟು ನಂಗೆ ಇವತ್ತಿಗೂ ದೊಡ್ಡದು." ಗೋಲಿ ಬೂಟಿನ ಹಿಂಭಾಗ ಹಿಡಿದು ಮಗಳಿಗೆ ಹಿಮ್ಮಡಿ ಎತ್ತಲು ಹೇಳಿದಳು. ಬೂಟು ನೆಲದಲ್ಲೇ ಇತ್ತು, ಹಿಮ್ಮಡಿ ಒಳಗೇ ಮೇಲೆ ಬಂತು. "ನೋಡಿ. ಕಾಲು ಒಂದು ಕಡೆ ಹೋಗುತ್ತೆ, ಬೂಟು ಇನ್ನೊಂದು ಕಡೆ ಹೋಗುತ್ತೆ. ಗಿಣ್ಣು ಮಧ್ಯದಲ್ಲಿ ಇಬ್ರ ಜಗಳ ಬಿಡ್ಸೋಕೆ ಹೋಗಿ ಪೆಟ್ಟು ತಿನ್ನುತ್ತೆ."

ಬಾತು ಮೂರು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕೇಳಿಯೇಬಿಟ್ಟಳು. "ಅಂದ್ರೆ, ಗಿಣ್ಣಿಗೆ ಶಕ್ತಿ ಇಲ್ಲ ಅಂತಲ್ವಾ?"

ಗೋಲಿ ಒಂದು ದಪ್ಪ ಸ್ಪಂಜಿನ ದಿಂಬು ನೆಲಕ್ಕೆ ಹಾಕಿ, ಬರಿಗಾಲಿನಲ್ಲಿ ಬಲಗಾಲೊಂದರ ಮೇಲೆ ನಿಲ್ಲು ಎಂದಳು. ಮಗಳು ನಿಂತಳು. "ಕಣ್ಣು ಮುಚ್ಚು" ಎಂದಳು. ಮುಚ್ಚಿದಳು. "ಈಗ ನಿಮ್ಮ ಶಾಲೆ ಬಗ್ಗೆ ಏನಾದ್ರೂ ಹೇಳು" ಎಂದಳು. ಮಗಳು ತನ್ನ ವಿಜ್ಞಾನದ ಮೇಷ್ಟ್ರು ಪ್ರಯೋಗ ತೋರಿಸಲು ಹೋಗಿ ತಮ್ಮದೇ ಮೀಸೆ ಸುಟ್ಟುಕೊಂಡ ಕಥೆಯನ್ನು ಆದಿಯಿಂದ ಅಂತ್ಯದವರೆಗೆ, ಮೇಷ್ಟ್ರ ದನಿಯನ್ನೂ ಅನುಕರಿಸಿ, ಒಂಟಿಕಾಲಲ್ಲೇ ನಿಂತು ಹೇಳಿ ಮುಗಿಸಿದಳು. ಪಾದ ಅಲ್ಲಲ್ಲೇ ಸಣ್ಣಗೆ ತೂಗಾಡಿತೇ ಹೊರತು ಒಮ್ಮೆಯೂ ಒಳಕ್ಕೆ ವಾಲಲಿಲ್ಲ.

"ಶಕ್ತಿ ಇಲ್ಲದ ಗಿಣ್ಣು ಹೀಗಿರಲ್ಲ ಅಕ್ಕಾ" ಎಂದಳು ಗೋಲಿ.

ಬಾತುವಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಬೀಳಿಸುತ್ತದೆ ಎಂದು ಹೇಳಿದ್ದ ಸ್ಟೂಲಿನ ಮೇಲೆಯೇ ಮರೆತು ಕೂತಳು, ಅದು ಬೀಳಿಸಿತು. ಮೂವರೂ ನಕ್ಕರು.

ಹೊಸ ಬೂಟು ಹಳೆಯದಕ್ಕಿಂತ ಎರಡು ಅಳತೆ ಚಿಕ್ಕದು, ಹಿಮ್ಮಡಿಯ ಹತ್ತಿರ ಕಿರಿದು, ಕೈಯಿಂದ ಬಾಗಿಸಿದರೆ ಬಾಗದಷ್ಟು ಗಟ್ಟಿ. ನೇರ ನಿಂತರೆ ಹೆಬ್ಬೆರಳು ಬೂಟಿನ ತುದಿಗೆ ಮೆಲ್ಲಗೆ ಸೋಕಬೇಕು, ಮೊಣಕಾಲು ಬಾಗಿಸಿದರೆ ಹಿಂದೆ ಸರಿಯಬೇಕು. ಗೋಲಿ ಬೂಟನ್ನು ಸಣ್ಣ ಒಲೆಯಂಥ ಪೆಟ್ಟಿಗೆಯಲ್ಲಿ ಬಿಸಿ ಮಾಡಿ, ಮೆತ್ತಗಾದಾಗ ಮಗಳ ಕಾಲಿಗೆ ಹಾಕಿ, ಆರುವವರೆಗೂ ಕೂರಿಸಿದಳು. ಲೇಸು ಕಟ್ಟುವುದನ್ನೂ ಹೊಸದಾಗಿ ಕಲಿಸಿದಳು: ಬೆರಳ ಮೇಲೆ ಸಡಿಲ, ಪಾದ ಮಡಿಯುವ ಕಡೆ ಬಿಗಿ, ಮೇಲಿನ ಕೊಕ್ಕೆಗಳಲ್ಲಿ ಮತ್ತೆ ಸ್ವಲ್ಪ ಸಡಿಲ.

ಆದರೆ ಕಥೆ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಹೊಸ ಬೂಟು ಹಾಕಿಕೊಂಡು ರಿಂಕಿಗೆ ಇಳಿದ ಮೊದಲ ದಿನ ಮಗಳು ನಾಲ್ಕು ಸುತ್ತು ಹೋಗಿ, ಕಟಕಟೆ ಹಿಡಿದುಕೊಂಡು ಹೊರಗೆ ಬಂದಳು. ಮುಖ ಬಿಳಚಿಕೊಂಡಿತ್ತು. ಬಲಗಾಲಿನ ಒಳಗಡೆಯ ಗಿಣ್ಣಿನ ಮೂಳೆಯ ಮೇಲೆ ಚರ್ಮ ಕೆಂಪಗೆ ಉಬ್ಬಿತ್ತು. ಮುಟ್ಟಲು ಬಿಡಲಿಲ್ಲ.

"ಬೂಟು ಸರಿ ಇದೆ ಅಮ್ಮಾ. ನನ್ನ ಕಾಲೇ ಸರಿ ಇಲ್ಲ" ಎಂದಳು.

ಬಾತು ಮಗಳನ್ನು ಶಾಲೆಗೆ ಬಿಟ್ಟು ಮಧ್ಯಾಹ್ನದ ಪಾಳಿಗೆ ಹೋದಳು. ಅವತ್ತು ಒಂದು ನಿಲ್ದಾಣ ದಾಟಿ ಹೋಗಿಬಿಟ್ಟಳು. ಹಿಂದಿನಿಂದ ಯಾರೋ ಗಂಟೆ ಒತ್ತೊತ್ತಿ, "ಅಮ್ಮಾ, ನಾವಿನ್ನೂ ಒಳಗಿದ್ದೀವಿ" ಎಂದು ಕೂಗಬೇಕಾಯಿತು. ಅವಳ ತಲೆಯಲ್ಲಿ ಇದ್ದದ್ದು ಒಂದೇ. ಡಾಕ್ಟರು ನೋಡಿದರು, ಗೋಲಿ ನೋಡಿದಳು, ಆದರೂ ಕಾಲು ಹೀಗೆ. ಕೊನೆಗೂ ಅಕ್ಕ ಹೇಳಿದ್ದೇ ಸರಿಯೇನೋ. ತಾನು ಹುಡುಗಿಗೆ ಆಸೆ ತೋರಿಸಿ ಎರಡನೆಯ ಸಲ ಬೀಳಿಸಿದೆನೇನೋ.

ಮಾರನೆಯ ದಿನ ಇಬ್ಬರೂ ಮತ್ತೆ ಅಂಗಡಿಗೆ ಹೋದರು. ಗೋಲಿ ಕೆಂಪಾದ ಜಾಗ ನೋಡಿ ಹಣೆ ಬಡಿದುಕೊಂಡಳು.

"ತಪ್ಪು ನಂದೇ. ಬಿಸಿ ಬೂಟು ಹಾಕ್ಕೊಂಡು ಕೂತಿದ್ದಾಗ ನಿಂಗೆ ಸುಡ್ತಿತ್ತಾ? ಕಾಲು ಸ್ವಲ್ಪ ಈ ಕಡೆ ಸರಿಸ್ದ್ಯಾ?"

ಮಗಳು ಹೌದೆಂದು ತಲೆ ಆಡಿಸಿದಳು. "ಹೇಳಿದ್ರೆ ಬೂಟು ಕೊಡಲ್ವೇನೋ ಅಂತ ಸುಮ್ನಿದ್ದೆ."

"ನಾನೂ ಮಾತಾಡ್ತಾ ಕೂತೆ, ನೋಡ್ಲಿಲ್ಲ. ಮೂಳೆ ಕೂರೋಕೆ ಬೂಟಲ್ಲಿ ಆಗ್ಬೇಕಾದ ಗುಂಡಿ ಅದರ ಪಕ್ಕದಲ್ಲಿ ಆಗಿದೆ. ಸರಿ ಮಾಡೋಣ. ಅಕ್ಕಾ, ಲಿಪ್‌ಸ್ಟಿಕ್ ಇದ್ಯಾ?"

"ಲಿಪ್‌ಸ್ಟಿಕ್ಕಾ? ನಾನು ಬಸ್ ಓಡ್ಸೋಳಮ್ಮ."

"ಬಸ್ ಓಡ್ಸೋರು ಹಚ್ಕೋಬಾರ್ದು ಅಂತ ಇದ್ಯಾ?" ಗೋಲಿ ಡ್ರಾಯರಿನಿಂದ ಕಣ್ಣು ಕುಕ್ಕುವ ಕೆಂಪಿನ ಒಂದು ತುಂಡು ತೆಗೆದು, ಮಗಳ ಗಿಣ್ಣಿನ ಮೂಳೆಯ ತುದಿಗೆ ದಪ್ಪ ಬೊಟ್ಟು ಇಟ್ಟಳು. ಕಾಲನ್ನು ಜೋಪಾನವಾಗಿ ಬೂಟಿಗೆ ಇಳಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಕುಟ್ಟಿಸಿ, ಲೇಸು ಕಟ್ಟಿ, ಬಿಚ್ಚಿ, ಹೊರತೆಗೆದಳು. ಬೂಟಿನ ಒಳಗೆ, ಮೂಳೆ ತಾಗುವ ಜಾಗದಲ್ಲಿ, ಕೆಂಪು ಗುರುತು ಬಿದ್ದಿತ್ತು. ಗುಂಡಿ ಅದರಿಂದ ಬೆರಳಗಲ ದೂರದಲ್ಲಿತ್ತು. ಗೋಲಿ ಆ ಜಾಗವನ್ನು ಮತ್ತೆ ಬಿಸಿ ಮಾಡಿ, ಒಂದು ಬದಿ ಗುಂಡು, ಇನ್ನೊಂದು ಬದಿ ಬಳೆಯಿರುವ ಕಬ್ಬಿಣದ ಇಕ್ಕಳದಲ್ಲಿ ಕಚ್ಚಿಸಿ, ತಿರುಪು ಬಿಗಿದಳು.

"ಇದು ಆರೋವರೆಗೂ ಕೆಲಸ ಇಲ್ಲ. ಅಕ್ಕಾ, ನಿಮ್ಮ ಕಾಲು ಕೊಡಿ ನೋಡೋಣ."

"ನಂದ್ಯಾಕೆ? ಅದು ಹೋದ ಕೇಸು."

"ಸುಮ್ನೆ ಕೊಡಿ."

ಕಾಗದದ ಮೇಲೆ ಬಾತು ನಿಂತಳು. ಗೋಲಿ ಗೆರೆ ಎಳೆದು, ಅಳೆದು, ಇನ್ನೊಮ್ಮೆ ಅಳೆದಳು. "ಎಷ್ಟು ಕಿರಿದು ಹಿಮ್ಮಡಿ. ಮಗಳದ್ದು ನಿಮ್ಮ ಕಾಲೇ, ಅದ್ರಲ್ಲಿ ಅನುಮಾನ ಇಲ್ಲ. ಚಿಕ್ಕೋರಿದ್ದಾಗ ಯಾರ ಬೂಟು ಹಾಕ್ಕೊಂಡಿದ್ರಿ?"

"ನಮ್ಮಕ್ಕಂದು. ಹತ್ತಿ ತುರುಕಿ."

ಗೋಲಿ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಅವಳ ಮುಖ ನೋಡಿದಳು. "ಹಾಗಾದ್ರೆ ಅದು ನಿಮಗೆ ಕಡಿಮೆ ಅಂದ್ರೂ ಎರಡು ಅಳತೆ ದೊಡ್ಡದು. ಕಾಲಲ್ಲಿ ಏನೂ ಇರ್ಲಿಲ್ಲ ಅಕ್ಕಾ" ಎಂದಳು. ಬಾತು ಕಾಗದದ ಮೇಲಿನ ತನ್ನ ಪಾದದ ಗೆರೆಯನ್ನೇ ನೋಡುತ್ತಾ ನಿಂತಳು. ಮೂವತ್ತು ಚಿಲ್ಲರೆ ವರ್ಷ ತಾನು ಬೈದುಕೊಂಡು ಬಂದ ಕಾಲು ಅದು. ನೋಡಲು ಚೆನ್ನಾಗಿಯೇ ಇತ್ತು.

ಸಂಜೆ ಅಕ್ಕನಿಗೆ ಫೋನು ಮಾಡಿದಳು. ಮಾತು ಬೆಳೆದರೆ ಸ್ವಲ್ಪ ಜಗಳವನ್ನೂ ಆಡೋಣ ಎಂದೇ ಕೂತಿದ್ದಳು.

"ಅಕ್ಕಾ, ನಿನ್ನ ಆ ಬಿಳಿ ಬೂಟು ನಂಗೆ ಎರಡು ಅಳತೆ ದೊಡ್ಡದಿತ್ತಂತೆ. ನನ್ನ ಕಾಲಲ್ಲಿ ಏನೂ ಇರ್ಲಿಲ್ಲಂತೆ."

"ಅದು ನಂಗೂ ದೊಡ್ಡದೇ ಇತ್ತು ಕಣೆ" ಎಂದಳು ಅಕ್ಕ. "ಅದು ಅತ್ತೆ ಮಗಳದ್ದು. ನಂಗೂ ಕಾಲು ಹೊರಳ್ತಿತ್ತು. ನಾನು ಯಾಕೆ ಬಿಟ್ಟೆ ಅಂದ್ಕೊಂಡೆ?"

"ಬೇಜಾರಾಯ್ತು ಅಂದಿದ್ದಿ."

"ಇನ್ನೇನು ಅನ್ನಲಿ? ನಿನ್ನನ್ನ ಬಾತು ಅಂದಿದ್ದು ಯಾಕೆ ಗೊತ್ತಾ? ನನ್ನನ್ನ ರಿಂಕಲ್ಲಿ ಎಲ್ರೂ ಕತ್ತೆಮರಿ ಅಂತಿದ್ರು."

ಬಾತುವಿಗೆ ತಡೆಯಲಾಗದ ನಗು ಬಂತು. ಆ ಕಡೆ ಅಕ್ಕನೂ ನಕ್ಕಳು. ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತಿದ್ದ ಗಂಡ ಏನಾಯಿತೆಂದು ಬಂದು ನೋಡಿ, ಇಬ್ಬರು ಅಕ್ಕತಂಗಿಯರು ಫೋನಿನಲ್ಲಿ ಬರೀ ನಗುವುದನ್ನು ಕೇಳಿ, ಹಾಗೇ ಹಿಂದಕ್ಕೆ ಹೋದ.

ಸರಿ ಮಾಡಿದ ಬೂಟು ಮಗಳ ಕಾಲಿಗೆ ಕೂತಿತು. ಮೊದಲ ದಿನಗಳಲ್ಲಿ ಬಿಗಿ ಅನ್ನಿಸಿತು. ಆಮೇಲೆ ಅದರ ನೆನಪೇ ಹೋಯಿತು. ಹಿಮ್ಮಡಿ ಬೂಟಿನ ಗೂಡಿನಲ್ಲಿ ಕದಲದೆ ಇರುತ್ತಿತ್ತು. ನೆಗೆದು ಇಳಿದಾಗ ಕೇಳುತ್ತಿದ್ದ ಗರಗರ ಸದ್ದು ಹೋಗಿ, ಬಟ್ಟೆಯ ಮೇಲೆ ಕತ್ತರಿ ಓಡಿದ ಹಾಗೆ ಒಂದೇ ಸರಕ್ಕನೆಯ ಸದ್ದು ಬರುತ್ತಿತ್ತು. ಒಂದು ರಜದ ದಿನ ಗೋಲಿ ಯಾರೋ ಬಿಟ್ಟು ಹೋಗಿದ್ದ, ಬಾತುವಿನ ಅಳತೆಯ ಹಳೆಯ ಜೊತೆಯೊಂದನ್ನು ಕೊಟ್ಟು ಕಳಿಸಿದಳು. ಬಾತು ಕಟಕಟೆ ಹಿಡಿದು ಒಂದು ಸುತ್ತು ಹೋದಳು. ಅರ್ಧಕ್ಕೆ ಕೈ ಬಿಟ್ಟಳು. ದೊಡ್ಡ ಸಾಹಸವೇನೂ ನಡೆಯಲಿಲ್ಲ. ಪಾದ ನೆಟ್ಟಗೆ ನಿಂತಿತು, ಅಷ್ಟೇ. ಅಷ್ಟಕ್ಕೇ ಅವಳಿಗೆ ಮೈಯೆಲ್ಲ ಹಗುರಾಯಿತು.

ಪರೀಕ್ಷೆಯ ದಿನ ಬಾತು ಪಾಳಿ ಬದಲಿಸಿಕೊಂಡು ಬಂದಿದ್ದಳು. ಗಂಡನೂ ಬೇಕರಿಯಿಂದ ನೇರವಾಗಿ ಬಂದ, ಹುಬ್ಬಿನ ಮೇಲೆ ಹಿಟ್ಟು ಹಾಗೇ ಇತ್ತು. ಮಗಳು ಹಸಿರು ಅಂಗಿಯಲ್ಲಿ ಅಂಗಳದ ನಡುವೆ ನಿಂತಳು. ಚಿಮ್ಮಿದಳು, ತಿರುಗಿದಳು, ಬಲಗಾಲ ಮೇಲೆ ಇಳಿದಳು. ಪಾದ ಗೂಟ ಹೊಡೆದ ಹಾಗೆ ನಿಂತು ಹಿಂದಕ್ಕೆ ಜಾರಿತು. ಎರಡನೆಯ ನೆಗೆತವೂ ಹಾಗೆಯೇ.

ನೆಗೆತ ಮುಗಿದು ಹೆಜ್ಜೆಗಳ ಸರದಿ ಬಂತು. ನಡುವೆ ಒಂದು ಕಡೆ ಎಡಕ್ಕೆ ತಿರುಗಬೇಕಾದವಳು ಬಲಕ್ಕೆ ತಿರುಗಿದಳು, ಗಕ್ಕನೆ ನಿಂತಳು, ಮುಂದಿನ ಹೆಜ್ಜೆ ಯಾವುದೆಂದು ಚಾವಣಿ ನೋಡಿದಳು. ಸಂಗೀತ ತನ್ನ ಪಾಡಿಗೆ ಮುಂದೆ ಹೋಯಿತು. ಕೊನೆಯಲ್ಲಿ ಹೇಗೋ ಸೇರಿಕೊಂಡು ಕೈ ಎತ್ತಿ ನಿಂತಳು.

ತೀರ್ಪುಗಾರರು ನೆಗೆತ ಚೆನ್ನಾಗಿತ್ತೆಂದರು. ಹೆಜ್ಜೆ ಮರೆತದ್ದಕ್ಕೆ ಮುಂದಿನ ತಿಂಗಳು ಆ ಭಾಗವನ್ನು ಮಾತ್ರ ಮತ್ತೆ ತೋರಿಸಬೇಕೆಂದರು.

ಮಗಳು ಮೂಗು ಕೆಂಪಗೆ ಮಾಡಿಕೊಂಡು ಹೊರಗೆ ಬಂದಾಗ ಬಾತು ಅವಳನ್ನು ಬಾಚಿ ತಬ್ಬಿಕೊಂಡಳು. ತಾಯಿಯ ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ.

"ಅಮ್ಮಾ, ನಾನು ಪಾಸಾಗಿಲ್ಲ. ನೀನ್ಯಾಕೆ ಹೀಗೆ ನಗ್ತಿದ್ದೀಯಾ?"

"ಹೆಜ್ಜೆ ಮರೆತ್ಯಲ್ಲ, ಅದಕ್ಕೆ."

"ಅದು ಖುಷಿ ಪಡೋ ವಿಷ್ಯಾನಾ?"

"ಹ್ಞೂಂ ಕಣೆ. ಕಾಲು ಹೊರಳ್ಲಿಲ್ಲ. ಮರೆತ್ರೆ ಮತ್ತೆ ಕಲೀಬಹುದು" ಎಂದಳು ಬಾತು.

ಮಗಳು ಅಪ್ಪನ ಕಡೆ ತಿರುಗಿ, "ಅಪ್ಪಾ, ಅಮ್ಮಂಗೆ ಏನೋ ಆಗಿದೆ" ಎಂದಳು. ಅಪ್ಪ ಕೋಟಿನ ಜೇಬಿನಿಂದ ಕಾಗದದಲ್ಲಿ ಸುತ್ತಿದ ಬೆಚ್ಚಗಿನ ಬನ್ನು ತೆಗೆದು ಅವಳ ಕೈಗಿಟ್ಟ. ಅರ್ಧ ಬನ್ನು ಬಾಯಲ್ಲಿಟ್ಟುಕೊಂಡೇ ಅವಳು, ಮುಂದಿನ ಗುಂಪು ಬರುವ ಮೊದಲು ಮರೆತ ಹೆಜ್ಜೆಯನ್ನು ಒಮ್ಮೆ ಹಾಕಿ ನೋಡುತ್ತೇನೆಂದು ಹೇಳಿ, ಮತ್ತೆ ಮಂಜಿನ ಮೇಲೆ ಇಳಿದಳು.